ಕೈ ತೊಳೆಯುವ ನಳ್ಳಿಯ ಹತ್ತಿರ: ಊರಿನಲ್ಲಿ ಮಾನಸಿಕ ಆರೋಗ್ಯದ ಮಾತು ಶುರು ಮಾಡುವುದು ಹೇಗೆ?

ನಮ್ಮ ಯುವಕ ಮಂಡಲ ಮೊದಲ ಸಲ ಮಾನಸಿಕ ಆರೋಗ್ಯ ಜಾಗೃತಿ ಕಾರ್ಯಕ್ರಮ ಮಾಡಿದಾಗ ವೇದಿಕೆಯ ಮೇಲೆ ಹನ್ನೊಂದು ಜನ, ಕೆಳಗೆ ನಲವತ್ತು ಜನ. ಪ್ರಾರ್ಥನೆ, ದೀಪ, ಸ್ವಾಗತ, ಪ್ರಸ್ತಾವನೆ, ಶಾಲು, ಸ್ಮರಣಿಕೆ ಎಲ್ಲ ಮುಗಿದು ಡಾಕ್ಟರ ಕೈಗೆ ಮೈಕ್ ಸಿಗುವಾಗ ಗಂಟೆ ಹನ್ನೆರಡೂಕಾಲು. ಹಿಂದಿನಿಂದ ಸಾಂಬಾರಿನ ಪರಿಮಳ ಬರುತ್ತಿತ್ತು. ಅವರು ಪಾಪ ಚೆನ್ನಾಗಿಯೇ ಮಾತಾಡಿದರು. ಕೊನೆಗೆ “ಪ್ರಶ್ನೆ ಇದ್ದರೆ ಕೇಳಿ” ಎಂದರು. ಒಬ್ಬರೂ ಕೈ ಎತ್ತಲಿಲ್ಲ.

ಊಟ ಮುಗಿಸಿ ಕೈ ತೊಳೆಯಲು ನಿಂತಿದ್ದೆ. ಪಕ್ಕದ ನಳ್ಳಿಗೆ ಒಬ್ಬರು ಅಮ್ಮ ಬಂದರು. ನಳ್ಳಿಯನ್ನು ಪೂರ್ತಿ ತಿರುಗಿಸಿ ನೀರು ಬಿಟ್ಟರು. ಸದ್ದು ಆಗಲಿ ಎಂದೇ ಹಾಗೆ ಮಾಡಿದ್ದು ಅಂತ ನನಗೆ ಆಮೇಲೆ ಹೊಳೆಯಿತು.

“ಮಗಾ, ಒಂದು ಕೇಳ್ಲಿಕ್ಕುಂಟು. ನನ್ನ ಮಗನಿಗೆ ನಾಲ್ಕು ವರ್ಷದಿಂದ ಮಂಡೆಯ ಮದ್ದುಂಟು. ತಿಂದರೆ ಸರಿ ಇರ್ತಾನೆ. ಈಗ ಹೆಣ್ಣು ನೋಡ್ತಾ ಇದ್ದೇವೆ, ಹಾಗೆ ಮದ್ದು ನಿಲ್ಲಿಸಿದ್ದು. ಏನಾದ್ರೂ ಆಗ್ತದಾ?”

ನನಗೆ ಉತ್ತರ ಗೊತ್ತಿರಲಿಲ್ಲ. ಡಾಕ್ಟರ ಕಾರು ಗೇಟು ದಾಟಿಯಾಗಿತ್ತು.

ಆ ದಿನ ಬಂದ ಒಂದೇ ಒಂದು ನಿಜವಾದ ಪ್ರಶ್ನೆ ಅದು. ಅಲ್ಲಿಂದ ಈಚೆಗೆ ನಾವು ಮಾಡಿದ್ದೆಲ್ಲ ಆ ನಳ್ಳಿಯಂಥ ಜಾಗ ಹುಡುಕುವ ಕೆಲಸ. ನಿಮ್ಮ ಊರಿನಲ್ಲಿ, ಸಂಘದಲ್ಲಿ, ಚರ್ಚಿನ ವಾಳೆಯಲ್ಲಿ (ವಾರ್ಡಿನಲ್ಲಿ), ಜಮಾತಿನಲ್ಲಿ ಇಂಥದ್ದೊಂದು ಮಾಡಬೇಕು ಅಂತಿದ್ದರೆ ನಾವು ಎಡವಿ ಕಲಿತದ್ದು ಇಲ್ಲಿದೆ. ನಾನು ಡಾಕ್ಟರ್ ಅಲ್ಲ. ಮದ್ದಿನ ವಿಷಯ ಏನೇ ಇದ್ದರೂ ಡಾಕ್ಟರ ಹತ್ತಿರವೇ ಕೇಳಿ.

1. ಬ್ಯಾನರ್ ಬರೆಸುವ ಮೊದಲು ಒಂದು ಹಾಳೆ ಬರೆಯಿರಿ

ಜಾಗೃತಿ ಮೂಡಿಸಿದಿರಿ ಅಂತಿಟ್ಟುಕೊಳ್ಳಿ. ಒಬ್ಬರು ಎದ್ದು ಬಂದು “ಹಾಗಾದ್ರೆ ಎಲ್ಲಿಗೆ ಹೋಗ್ಬೇಕು?” ಎಂದರೆ? ಅದಕ್ಕೆ ಉತ್ತರ ನಿಮ್ಮ ಜೇಬಿನಲ್ಲಿರಬೇಕು. ಆದ್ದರಿಂದ ಮೊದಲ ಕೆಲಸ ಈ ಹಾಳೆ.

ಹಾಳೆಯ ತುದಿಯಲ್ಲಿ 14416 ಬರೆಯಿರಿ. ಇದು ಕೇಂದ್ರ ಸರಕಾರದ ಟೆಲಿ ಮಾನಸ್ ಸಂಖ್ಯೆ. 2022ರ ಅಕ್ಟೋಬರ್ 10ರಂದು ಶುರುವಾಯಿತು. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಅದರ ಕೆಳಗೆ ನಿಮ್ಮ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ. ಅದರ ಕೆಳಗೆ ಜಿಲ್ಲಾ ಆಸ್ಪತ್ರೆ: ಉಡುಪಿ ಕಡೆಯವರಿಗೆ ಅಜ್ಜರಕಾಡು, ಮಂಗಳೂರು ಕಡೆಯವರಿಗೆ ವೆನ್‌ಲಾಕ್. ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ, ಮಣಿಪಾಲದ ಕೆಎಂಸಿ, ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ, ಇಲ್ಲೆಲ್ಲ ಮನೋರೋಗ ವಿಭಾಗ ಇದೆ. ಕರಾವಳಿಯವರು ಈ ಮಟ್ಟಿಗೆ ಪುಣ್ಯವಂತರು. ಡಾಕ್ಟರು ಸಿಗದ ಜಿಲ್ಲೆಗಳ ಸಾಲಿನಲ್ಲಿ ನಾವಿಲ್ಲ. ಬಸ್ಸು ಹತ್ತಿದರೆ ಮುಕ್ಕಾಲು ಗಂಟೆ, ಒಂದು ಗಂಟೆಯಲ್ಲಿ ಆಸ್ಪತ್ರೆ. ಆದರೂ ಹೋಗುವುದಿಲ್ಲ. ನಮ್ಮಲ್ಲಿ ಕೊರತೆ ಡಾಕ್ಟರದ್ದಲ್ಲ, ಆ ಬಸ್ಸು ಹತ್ತುವ ಧೈರ್ಯದ್ದು.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬ ಸರಕಾರಿ ಯೋಜನೆಯೂ ಉಂಟು. 1996ರಲ್ಲಿ ದೇಶದ ಮಟ್ಟದಲ್ಲಿ ಶುರುವಾದದ್ದು. ಅದಕ್ಕೆ ಮಾದರಿ ನಮ್ಮದೇ ರಾಜ್ಯದ ಬಳ್ಳಾರಿ. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಅಲ್ಲಿ ಮಾಡಿ ನೋಡಿದ್ದು. ಈ ಕಾರ್ಯಕ್ರಮದ ತಂಡ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿದೆ. ನಿಮ್ಮ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ವಾರ, ಎಷ್ಟು ಗಂಟೆಗೆ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿ ಬರೆದುಕೊಳ್ಳಿ.

ಆಮೇಲೆ ಹಾಳೆಯಲ್ಲಿರುವ ಪ್ರತಿ ಸಂಖ್ಯೆಗೂ ನೀವೇ ಒಮ್ಮೆ ಫೋನ್ ಮಾಡಿ. ನಾವು ಮಾಡಲಿಲ್ಲ. ಐನೂರು ಕರಪತ್ರ ಹಂಚಿ ಆದ ಮೇಲೆ ಗೊತ್ತಾಯಿತು, ಅದರಲ್ಲಿದ್ದ ಒಂದು ಕಚೇರಿಯ ಸಂಖ್ಯೆ ಬದಲಾಗಿ ಎಷ್ಟೋ ಕಾಲವಾಗಿತ್ತು. ಧೈರ್ಯ ಮಾಡಿ ಮೊದಲ ಸಲ ಫೋನ್ ಎತ್ತಿದವರಿಗೆ “ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ” ಎಂದು ಕೇಳಿಸಿದರೆ ಅವರು ಎರಡನೇ ಸಲ ಎತ್ತುತ್ತಾರಾ?

2. ಊರಿನ ದಾರಿ ತಿಳಿದುಕೊಳ್ಳಿ

ತೊಂದರೆ ಬಂದಾಗ ನಿಮ್ಮ ಊರಿನವರು ಮೊದಲು ಯಾರ ಹತ್ತಿರ ಹೋಗುತ್ತಾರೆ? ಇದನ್ನು ಊಹಿಸಬೇಡಿ, ಕೇಳಿ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಮೆಡಿಕಲ್ ಅಂಗಡಿಯವರು, ರಿಕ್ಷಾ ಸ್ಟ್ಯಾಂಡಿನ ಹಿರಿಯ ಡ್ರೈವರ್, ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನವರು. ಈ ಐವರ ಹತ್ತಿರ ಒಂದೊಂದು ಚಾ ಕುಡಿದರೆ ಅರ್ಧ ಊರಿನ ಕತೆ ಗೊತ್ತಾಗುತ್ತದೆ. ಹೆಸರು ಕೇಳಬೇಡಿ. ದಾರಿ ಮಾತ್ರ ಕೇಳಿ.

ನಮ್ಮಲ್ಲಿ ಆ ದಾರಿ ಹೆಚ್ಚುಕಡಿಮೆ ಹೀಗಿತ್ತು. ಮೊದಲು ಗ್ಯಾಸ್ಟ್ರಿಕ್ ಮಾತ್ರೆ. ಆಮೇಲೆ ಎದೆ ಡವಡವ ಎಂದು ಇಸಿಜಿ, ಅದು ನಾರ್ಮಲ್. ಆಮೇಲೆ ಸ್ಕ್ಯಾನ್, ಅದೂ ನಾರ್ಮಲ್. ಆಮೇಲೆ ಜೋಯಿಸರ ಹತ್ತಿರ ಪ್ರಶ್ನೆ. ಆಮೇಲೆ ಹರಕೆ. ಎಲ್ಲ ಮುಗಿದ ಮೇಲೆ, ಮುಖ ಮುಚ್ಚಿಕೊಂಡು, ಪಕ್ಕದ ಊರಿನ ಮನೋವೈದ್ಯರು. ಪಕ್ಕದ ಊರೇ ಯಾಕೆಂದರೆ, ಇಲ್ಲಿ ಕಾಯುವ ಕೋಣೆಯಲ್ಲಿ ಗುರ್ತದವರು ಸಿಕ್ಕಿದರೆ?

ಇದು ನಮ್ಮ ಊರಿನ ವಿಷಯ ಮಾತ್ರ ಅಲ್ಲ. ನಿಮ್ಹಾನ್ಸ್ 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿತು. ಪಕ್ಕದ ಕೇರಳ ಅದರಲ್ಲಿತ್ತು, ಕರ್ನಾಟಕ ಇರಲಿಲ್ಲ. ವಯಸ್ಕರಲ್ಲಿ 10.6% ಜನರಿಗೆ ಆ ಹೊತ್ತಿಗೆ ಯಾವುದಾದರೂ ಮಾನಸಿಕ ತೊಂದರೆ ಇತ್ತು. ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆ ಇದ್ದವರಲ್ಲಿ ಹತ್ತಕ್ಕೆ ಎಂಟಕ್ಕಿಂತ ಜಾಸ್ತಿ ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನೂರು ವಯಸ್ಕರಿರುವ ಕೇರಿಯಲ್ಲಿ ಹತ್ತು ಜನ ಎಂದು ಹೇಳಿ ನೋಡಿ, ಎಲ್ಲರೂ ಮನಸ್ಸಿನಲ್ಲೇ ಎಣಿಸಲು ಶುರು ಮಾಡುತ್ತಾರೆ.

3. ಮಾತು ಬದಲಿಸಿ, ಮೊದಲು ನಿಮ್ಮದು

‘ಖಿನ್ನತೆ’ ಎಂದರೆ ನಮ್ಮ ಅಜ್ಜಿಗೆ ಅರ್ಥವಾಗುವುದಿಲ್ಲ. ‘ಮಾನಸಿಕ ರೋಗ’ ಎಂದರೆ ಎದ್ದು ಹೋಗುತ್ತಾರೆ. ತುಳುವಿನಲ್ಲಿ ‘ಮಂಡೆ ಬೆಚ್ಚ’ ಅನ್ನಿ, ಕನ್ನಡದಲ್ಲಿ ‘ಮಂಡೆಬಿಸಿ’ ಅನ್ನಿ, ಎಲ್ಲರಿಗೂ ಗೊತ್ತು. ಮಂಡೆಬಿಸಿ ಇಲ್ಲದ ಮನುಷ್ಯ ಕುಂದಾಪುರದಿಂದ ಉಳ್ಳಾಲದವರೆಗೆ ಒಬ್ಬನೂ ಸಿಗಲಿಕ್ಕಿಲ್ಲ. ಅಲ್ಲಿಂದ ಶುರು ಮಾಡಿ. “ಮಂಡೆಬಿಸಿ ಎಲ್ಲರಿಗೂ ಉಂಟು. ಎರಡು ವಾರ ಆದರೂ ಬಿಡದೆ ಹಿಡಿದರೆ, ನಿದ್ದೆ ಹಾಳಾದರೆ, ಮೀನು ಸಾರು ಎದುರಿಗಿದ್ದರೂ ಊಟ ಸೇರದಿದ್ದರೆ, ‘ದಾಲ ಬೊಡ್ಚಿ’ (ಏನೂ ಬೇಡ) ಎಂದು ಸುಮ್ನೆ ಮಲಗಿಕೊಂಡೇ ಇದ್ದರೆ, ಅದು ಬರೀ ಬೇಜಾರಲ್ಲ. ಅದಕ್ಕೆ ಮದ್ದುಂಟು.” ಇಷ್ಟು ಸಾಕು. ಮೆದುಳಿನ ಚಿತ್ರ, ರಾಸಾಯನಿಕಗಳ ಹೆಸರು ಯಾವುದೂ ಬೇಡ.

ಸಭೆ ತುಳುವರದ್ದಾದರೆ ತುಳುವಿನಲ್ಲಿ, ಬ್ಯಾರಿಯವರದ್ದಾದರೆ ಬ್ಯಾರಿಯಲ್ಲಿ, ಕೊಂಕಣಿಯವರದ್ದಾದರೆ ಕೊಂಕಣಿಯಲ್ಲಿ ಮಾತಾಡಿ. ಮೈಕಿನ ಎದುರು ನಿಂತ ಕೂಡಲೇ ನಮಗೆ ಪುಸ್ತಕದ ಕನ್ನಡ ಬರುತ್ತದೆ, ಆ ರೋಗ ನನಗೂ ಇತ್ತು. ಆದರೆ ಅಳು ಬರುವುದು ಮನೆಯ ಭಾಷೆಯಲ್ಲೇ ಅಲ್ವಾ?

ಬಿಡಬೇಕಾದ ಮಾತುಗಳೂ ಇವೆ. ‘ಮರ್ಲ್’, ‘ಹುಚ್ಚ’, ‘ಮೆಂಟಲ್’, ‘ಸ್ಕ್ರೂ ಲೂಸ್’. ಆಸ್ಪತ್ರೆ ಇರುವ ಜಾಗದ ಹೆಸರನ್ನೇ ತಮಾಷೆ ಮಾಡಿಕೊಂಡಿದ್ದೇವೆ, ‘ಇವನನ್ನು ಅಲ್ಲಿಗೆ ಸೇರಿಸ್ಬೇಕು’ ಎಂದು. ಯುವಕ ಮಂಡಲದ ವಾರ್ಷಿಕೋತ್ಸವದ ನಾಟಕ ನೆನಪು ಮಾಡಿಕೊಳ್ಳಿ. ಹರಿದ ಅಂಗಿ, ಕೆದರಿದ ಕೂದಲಿನ ‘ಮರ್ಲೆ’ ಬಂದರೆ ಸಾಕು, ಜನ ನಗಲು ರೆಡಿ. ನಗುವವರ ನಡುವೆ, ಮನೆಯಲ್ಲಿ ಮಗಳನ್ನು ಒಳಗಿಟ್ಟು ಬೀಗ ಹಾಕಿ ಬಂದ ತಂದೆಯೂ ಕೂತಿರುತ್ತಾನೆ. ನಮ್ಮ ನಾಟಕದಿಂದ ಆ ಪಾತ್ರ ತೆಗೆಸಲು ನನಗೆ ಎರಡು ವರ್ಷ ಬೇಕಾಯಿತು. ಹಾಸ್ಯ ಕಡಿಮೆಯಾಯಿತು ಅಂತ ಯಾರೂ ದೂರಲಿಲ್ಲ. ಈಗ ಅಲ್ಲಿ ಒಬ್ಬ ಮದುವೆ ಬ್ರೋಕರ್ ಇದ್ದಾನೆ, ಇನ್ನೂ ಜಾಸ್ತಿ ನಗು.

4. ಹೇಳುವವರು ಯಾರು?

ಡಾಕ್ಟರು ಬೇಕು. ಆದರೆ ಅವರಿಗಿಂತ ಹೆಚ್ಚು ಬೇಕಾದವರು, ಈ ತೊಂದರೆ ಕಂಡು, ಮದ್ದು ಮಾಡಿಸಿಕೊಂಡು, ಇವತ್ತು ಕೆಲಸಕ್ಕೆ ಹೋಗಿ ಬಂದು ನಿಮ್ಮ ಎದುರು ಕೂತವರು. ಇದು ನನ್ನ ಅಭಿಪ್ರಾಯ ಮಾತ್ರ ಅಲ್ಲ. ಮಾನಸಿಕ ಕಾಯಿಲೆಯ ಕಳಂಕದ ಬಗ್ಗೆ 2022ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ ವರದಿ ಕೊಟ್ಟಿತು. ಕಳಂಕ ಕಡಿಮೆ ಮಾಡಲು ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಅನುಭವಿಸಿದವರ ಜೊತೆಗಿನ ನೇರ ಒಡನಾಟ ಎಂಬುದು ಅದರ ಮುಖ್ಯ ಮಾತು. ಪೋಸ್ಟರಿಗಿಂತ ಮನುಷ್ಯ ಮೇಲು.

ಅಂಥವರನ್ನು ಹುಡುಕುವುದು ಕಷ್ಟ, ಒಪ್ಪಿಸುವುದು ಇನ್ನೂ ಕಷ್ಟ. ಒಪ್ಪಿಸಲೇಬೇಡಿ. ಅವರಾಗಿ ಬರಬೇಕು. ಡಾಕ್ಟರ ಮೂಲಕ ವಿಷಯ ತಿಳಿಸಿ, ಕಾಯಿರಿ. ನಮಗೆ ಒಬ್ಬರು ಸಿಗಲು ಒಂದು ವರ್ಷ ಹಿಡಿಯಿತು. ಕೊನೆಗೆ ಬಂದವರು ಒಬ್ಬ ಟೈಲರ್ ಅಕ್ಕ. ಪಕ್ಕದ ತಾಲೂಕಿನವರು. ಸ್ವಂತ ಊರಿನಲ್ಲಿ ಮಾತಾಡಲಾರೆ, ನಿಮ್ಮಲ್ಲಾದರೆ ಬರುತ್ತೇನೆ ಎಂದರು. ಅದೂ ಸರಿಯೇ.

ಬರುವ ಮೊದಲು ಅವರ ಜೊತೆ ಕೂತು ಮೂರು ವಿಷಯ ಮಾತಾಡಿಕೊಳ್ಳಿ. ಏನು ಹೇಳುತ್ತೀರಿ, ಏನು ಹೇಳುವುದಿಲ್ಲ, ನಡುವೆ ಬೇಡ ಅನ್ನಿಸಿದರೆ ಏನು ಸನ್ನೆ ಮಾಡುತ್ತೀರಿ. ನಮ್ಮ ಅಕ್ಕನ ಸನ್ನೆ, ಕನ್ನಡಕ ತೆಗೆದು ಒರೆಸುವುದು. ಒರೆಸಿದ ಕೂಡಲೇ ನಾನು ಎದ್ದು “ಚಾ ಆಯ್ತಾ?” ಎಂದು ಜೋರಾಗಿ ಕೇಳಬೇಕು. ಎರಡು ಸಲ ಕೇಳಿದ್ದೇನೆ. ಅವರಿಗೆ ಹೋಗಿ ಬರುವ ಖರ್ಚು, ಆ ದಿನದ ದುಡಿಮೆ ಎರಡನ್ನೂ ಕೊಡಿ. ಶಾಲು ಮಾತ್ರ ಬೇಡ.

ಫೋಟೋ ಬೇಡವೇ ಬೇಡ. ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2017ರ ಸೆಕ್ಷನ್ 24ರ ಪ್ರಕಾರ, ಚಿಕಿತ್ಸೆ ಪಡೆಯುತ್ತಿರುವವರ ಫೋಟೋ ಅಥವಾ ವಿವರವನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವ ಹಾಗಿಲ್ಲ. ಬಾಗಿಲಲ್ಲೇ ಒಂದು ಬುಟ್ಟಿ ಇಟ್ಟು ಮೊಬೈಲ್ ಹಾಕಿಸಿಕೊಳ್ಳಿ. ವರದಿಗೆ ಫೋಟೋ ಬೇಕು ಎಂದು ಸಂಘದ ಕಾರ್ಯದರ್ಶಿ ಹಠ ಹಿಡಿದರೆ ಖಾಲಿ ಕುರ್ಚಿಗಳದ್ದು ತೆಗೆದು ಕೊಡಿ.

5. ಜಾಗ, ಹೊತ್ತು

ಹೊಸದಾಗಿ ಜನ ಸೇರಿಸಬೇಡಿ, ಸೇರಿದಲ್ಲಿಗೆ ಹೋಗಿ. ಸ್ವಸಹಾಯ ಸಂಘದ ವಾರದ ಸಭೆ. ಬೀಡಿ ಕೊಡಲು ಕಾಯುವ ಹೊತ್ತು. ಭಜನೆ ಮುಗಿದು ಸಜ್ಜಿಗೆ-ಬಜಿಲ್ ತಿನ್ನುವ ಹೊತ್ತು. ಭಾನುವಾರದ ಪೂಜೆಯ ನಂತರ ಚರ್ಚಿನ ಅಂಗಳ. ಇಪ್ಪತ್ತು ಜನಕ್ಕಿಂತ ಜಾಸ್ತಿ ಬೇಡ.

ಗಂಡಸರು ಸಿಗುವುದಿಲ್ಲ ಎಂಬುದು ಎಲ್ಲರ ದೂರು. ಸಿಗುತ್ತಾರೆ, ಹೊತ್ತು ನೋಡಬೇಕು. ಮಲ್ಪೆ, ಮಂಗಳೂರು ದಕ್ಕೆಯ (ಮೀನುಗಾರಿಕೆ ಬಂದರಿನ) ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ. ಬಲೆ ರಿಪೇರಿ ಮಾಡುತ್ತ ಕೂತಿರುತ್ತಾರೆ. ಕೈಗೆ ಕೆಲಸ ಇರುತ್ತದೆ, ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಬೇಕಾಗಿಲ್ಲ. ಕುಡಿತದ ವಿಷಯ, ಸಾಲದ ವಿಷಯ ಆಗ ತಾನಾಗಿ ಬರುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಊರೂರಿನಲ್ಲಿ ‘ಆಟಿಡೊಂಜಿ ದಿನ’ (ಆಟಿಯಲ್ಲೊಂದು ದಿನ) ಎಂಬ ಕೂಟ ನಡೆಯುತ್ತದೆ. ಪತ್ರೊಡೆಯ ಕೌಂಟರಿನ ಪಕ್ಕ ಒಂದು ಮೇಜು ಕೇಳಿ ಪಡೆಯಿರಿ. ಸೆಪ್ಟೆಂಬರ್ 8ಕ್ಕೆ ಕ್ರೈಸ್ತರ ಮೊಂತಿ ಫೆಸ್ತ್ ಹಬ್ಬ, 10ಕ್ಕೆ ವಿಶ್ವ ಆತ್ಮಹತ್ಯೆ ತಡೆ ದಿನ. ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ, ಹೆಚ್ಚಾಗಿ ದಸರಾ ಗದ್ದಲದ ಆಚೀಚೆ ಬರುತ್ತದೆ. ಆ ದಿನವೇ ಆಗಬೇಕು ಅಂತ ಏನೂ ಇಲ್ಲ.

6. ನಲವತ್ತು ನಿಮಿಷ

ನಾವು ಈಗ ಮಾಡುವುದು ಹೀಗೆ. ಕುರ್ಚಿ ಇಲ್ಲ, ಚಾಪೆ. ಎಲ್ಲರೂ ಸುತ್ತ ಕೂರುವುದು. ಮೊದಲ ಐದು ನಿಮಿಷ ನಿದ್ದೆಯ ಬಗ್ಗೆ ಮಾತು. “ನಿನ್ನೆ ರಾತ್ರಿ ಯಾರಿಗೆಲ್ಲ ಒಳ್ಳೆ ನಿದ್ದೆ ಬಂತು?” ಎಂದರೆ ಯಾರೂ ನಾಚುವುದಿಲ್ಲ. ಮಗ ದುಬೈಯಿಂದ ಫೋನ್ ಮಾಡಲಿಲ್ಲ ಎಂದು ಒಬ್ಬರು, ಮೊಣಗಂಟು ನೋವು ಎಂದು ಒಬ್ಬರು. ಮಾತು ಅಲ್ಲಿಂದ ತಾನೇ ಮುಂದೆ ಹೋಗುತ್ತದೆ.

ಆಮೇಲೆ ಟೈಲರ್ ಅಕ್ಕ ಹತ್ತು ನಿಮಿಷ. ಅವರು ಕಾಯಿಲೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೊಲಿಗೆ ಮಿಷನ್ನಿನ ಎದುರು ಕೂತು ಸೂಜಿಗೆ ನೂಲು ಹಾಕಲಾಗದೆ ಒಂದು ಮಧ್ಯಾಹ್ನವಿಡೀ ಹಾಗೇ ಕೂತದ್ದು, ಗಿರಾಕಿ ಬಂದು ರವಿಕೆ ಕೇಳಿದರೆ ‘ಜ್ವರ’ ಎಂದು ಸುಳ್ಳು ಹೇಳಿದ್ದು, ಮೂರು ತಿಂಗಳು ಅದೇ ಜ್ವರ ಮುಂದುವರಿದದ್ದು. “ಆ ಜ್ವರಕ್ಕೆ ಕೊನೆಗೆ ಮದ್ದು ಸಿಕ್ಕಿತು, ನೋಡಿ” ಎಂದು ತಾವೇ ನಗುತ್ತಾರೆ.

ಆಮೇಲೆ ಚೀಟಿ. ಎಲ್ಲರಿಗೂ ಒಂದೊಂದು ಕಾಗದದ ಚೂರು, ಒಂದೇ ಥರದ ಪೆನ್ನು. ಪ್ರಶ್ನೆ ಇದ್ದರೆ ಪ್ರಶ್ನೆ ಬರೆಯಬೇಕು, ಇಲ್ಲದಿದ್ದರೆ ತಮಗೆ ಇಷ್ಟವಾದ ಮೀನಿನ ಹೆಸರು ಬರೆಯಬೇಕು. ಎಲ್ಲರೂ ಬರೆಯಲೇಬೇಕು, ಆಗಲೇ ಯಾರದ್ದು ಯಾವುದು ಎಂದು ತಿಳಿಯದು. ಎಲ್ಲವೂ ಬಿಸ್ಕುಟಿನ ಡಬ್ಬಿಗೆ. ಬರೆಯಲು ಬಾರದವರಿಗೆ ಆಶಾ ಅಕ್ಕ ಹೊರಗೆ ಜಗಲಿಯಲ್ಲಿ ಬರೆದು ಕೊಡುತ್ತಾರೆ. ಮೊದಲ ಸಲ ಡಬ್ಬಿ ತೆರೆದಾಗ ಹತ್ತೊಂಬತ್ತು ಚೀಟಿ. ಬಂಗುಡೆ ಆರು, ಕಾಣೆ ಎರಡು, ಅಂಜಲ್ ಒಂದು. ಉಳಿದ ಹತ್ತು ಪ್ರಶ್ನೆ! ಮೈಕ್ ಇದ್ದ ದಿನ ಒಂದೂ ಇರಲಿಲ್ಲ.

ತಿರುಗಿ ತಿರುಗಿ ಬರುವ ಪ್ರಶ್ನೆಗಳು ಕೆಲವು. ಅದಕ್ಕೆ ಡಾಕ್ಟರು ಹೇಳುವುದನ್ನೂ ಬರೆಯುತ್ತೇನೆ.

‘ಮದ್ದು ಶುರು ಮಾಡಿದರೆ ಜೀವನವಿಡೀ ತಿನ್ನಬೇಕಾ?’ ಎಲ್ಲದಕ್ಕೂ ಹಾಗಿಲ್ಲ. ಮೊದಲ ಸಲ ಬಂದ ಖಿನ್ನತೆಗೆ, ಗುಣವಾದ ಮೇಲೆ ಕಡಿಮೆ ಎಂದರೂ ಆರು ತಿಂಗಳು ಮುಂದುವರಿಸಿ, ಮೆಲ್ಲ ಕಡಿಮೆ ಮಾಡುವುದು ರೂಢಿ. ಕೆಲವು ಕಾಯಿಲೆಗೆ ವರ್ಷಗಟ್ಟಲೆ ಬೇಕು, ಶುಗರ್, ಬಿಪಿಗೆ ತಿಂದ ಹಾಗೆ.

‘ನಾಲ್ಕು ದಿನ ತಿಂದೆ, ಏನೂ ಆಗಲಿಲ್ಲ.’ ಖಿನ್ನತೆಯ ಮದ್ದು ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸುವುದು, ತಲೆ ಭಾರವಾಗುವುದು ಉಂಟು. ಇದನ್ನು ಮೊದಲೇ ಹೇಳದಿದ್ದರೆ ಜನ ಐದನೇ ದಿನ ಬಿಟ್ಟುಬಿಡುತ್ತಾರೆ.

‘ಅದು ನಿದ್ದೆ ಮಾತ್ರೆ ಅಲ್ವಾ, ಚಟ ಆಗ್ತದಲ್ಲ?’ ನಿದ್ದೆ ಮಾತ್ರೆಗಳಲ್ಲಿ ಚಟ ಹಿಡಿಸುವಂಥವು ಇವೆ, ಹಾಗಾಗಿಯೇ ಡಾಕ್ಟರು ಅವನ್ನು ಸ್ವಲ್ಪ ದಿನಕ್ಕೆ ಮಾತ್ರ ಕೊಡುತ್ತಾರೆ. ಖಿನ್ನತೆಯ ಮದ್ದು ಬೇರೆ, ಅದು ಚಟ ಹಿಡಿಸುವುದಿಲ್ಲ. ಆದರೂ ತಾವಾಗಿ ಒಮ್ಮೆಲೇ ನಿಲ್ಲಿಸುವ ಹಾಗಿಲ್ಲ.

ನಾಲ್ಕನೆಯದು ಮದುವೆ. ಅದಕ್ಕೆ ಬೇರೆಯೇ ಜಾಗ ಬೇಕು.

7. ಮದುವೆಯ ವಿಷಯ

ನಮ್ಮ ಕಡೆ ಕಳಂಕದ ಬೇರು ಇರುವುದು ಇಲ್ಲೇ. ಕಾಯಿಲೆ ಬಂದವರಿಗೆ ಮಾತ್ರ ಅಲ್ಲ, ಅವರ ತಂಗಿಗೂ ಸಂಬಂಧ ಬರಲಿಕ್ಕಿಲ್ಲ ಎಂಬ ಹೆದರಿಕೆ. ಅದಕ್ಕೇ ಮುಚ್ಚಿಡುವುದು, ಅದಕ್ಕೇ ಮದ್ದು ನಿಲ್ಲಿಸುವುದು, ‘ಮದುವೆ ಮಾಡಿದರೆ ಸರಿಹೋಗ್ತಾನೆ’ ಎನ್ನುವುದು.

ಸರಿಹೋಗುವುದಿಲ್ಲ. ಮದ್ದು ನಿಲ್ಲಿಸಿದ್ದೊಂದು ಕಡೆ, ಮೆಹಂದಿ, ರಿಸೆಪ್ಷನ್ ಎಂದು ನಾಲ್ಕು ರಾತ್ರಿ ನಿದ್ದೆ ಇಲ್ಲದ್ದು ಇನ್ನೊಂದು ಕಡೆ. ಬೈಪೋಲಾರ್ (ಮನಸ್ಸು ಒಮ್ಮೆ ಅತಿ ಉತ್ಸಾಹಕ್ಕೆ, ಒಮ್ಮೆ ಖಿನ್ನತೆಗೆ ಹೋಗುವ ಕಾಯಿಲೆ) ಇರುವವರಿಗೆ ನಿದ್ದೆ ಕೆಟ್ಟರೆ ಸಾಕು, ಕಾಯಿಲೆ ಮರುಕಳಿಸಬಹುದು. ಹೊಸ ಸೊಸೆಗೆ ಮೊದಲ ವಾರವೇ ಅದು ಗೊತ್ತಾಗುತ್ತದೆ, ಅತಿ ಕೆಟ್ಟ ರೀತಿಯಲ್ಲಿ. ಮುಚ್ಚಿಟ್ಟ ಮದುವೆ ಕೋರ್ಟಿಗೂ ಹೋಗುತ್ತದೆ.

ನಳ್ಳಿಯ ಹತ್ತಿರ ಸಿಕ್ಕ ಅಮ್ಮನಿಗೆ ನಾನು ಒಂದು ವಾರ ಬಿಟ್ಟು ಉತ್ತರ ಕೊಟ್ಟೆ, ಡಾಕ್ಟರ ಹತ್ತಿರ ಕೇಳಿಕೊಂಡು. ಮದ್ದು ಪುನಃ ಶುರುವಾಗಲಿ. ಹುಡುಗಿಗೆ, ಅವಳ ಮನೆಯವರಿಗೆ ಹೇಳಿ. ಬೇಕಿದ್ದರೆ ಅವರನ್ನೂ ಕರೆದುಕೊಂಡು ಬನ್ನಿ, ನಾನೇ ವಿವರಿಸುತ್ತೇನೆ ಎಂದರು ಡಾಕ್ಟರು. ಮೊದಲ ಸಂಬಂಧ ತಪ್ಪಿತು. ಅಮ್ಮ ನನ್ನ ಹತ್ತಿರ ಎರಡು ತಿಂಗಳು ಮಾತು ಬಿಟ್ಟರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಸತ್ಯ ಹೇಳಿ ಎಂದು ಸಲಹೆ ಕೊಡುವುದು ಸುಲಭ, ಅದರ ಬೆಲೆ ಕಟ್ಟುವವರು ಅವರು. ಹಾಗಾಗಿ ಈಗ ನಾನು ‘ಹೇಳಿದರೆ ಎಲ್ಲ ಒಳ್ಳೆಯದಾಗುತ್ತದೆ’ ಎನ್ನುವುದಿಲ್ಲ. ಮುಚ್ಚಿಟ್ಟರೆ ಏನಾಗುತ್ತದೆ ಎಂದು ಮಾತ್ರ ಹೇಳುತ್ತೇನೆ.

8. ದೈವ, ದೇವರು, ಪ್ರಶ್ನೆ

‘ಮೂಢನಂಬಿಕೆ ಬಿಡಿ’ ಎಂದು ಶುರು ಮಾಡಿದರೆ ನಿಮ್ಮ ಕೆಲಸ ಅಲ್ಲಿಗೇ ಮುಗಿಯಿತು. ಮನೆಯಲ್ಲಿ ಹೀಗಾಗಿದೆ ಎಂದು ದರ್ಶನದಲ್ಲಿ ದೈವದ ಎದುರು ನಿಂತು ಬಾಯಿಬಿಟ್ಟು ಹೇಳುವುದೇ ಎಷ್ಟೋ ಮನೆಯವರಿಗೆ ಮೊದಲ ಸಮಾಧಾನ. ಅದನ್ನು ಕಿತ್ತುಕೊಳ್ಳಬೇಡಿ. ಹರಕೆಯೂ ಇರಲಿ, ಮದ್ದೂ ಇರಲಿ. ಒಂದರಿಂದಾಗಿ ಇನ್ನೊಂದು ನಿಲ್ಲಬಾರದು, ಅಷ್ಟೇ.

ಪಾತ್ರಿಗಳು (ದೈವ ಮೈಮೇಲೆ ಬರುವವರು), ಜೋಯಿಸರು, ಪಾದ್ರಿಗಳು, ಉಸ್ತಾದರು, ಇವರನ್ನು ಸಭೆಗೆ ಕರೆದು ಪಾಠ ಮಾಡಬೇಡಿ. ಅವರ ಮನೆಗೆ ಹೋಗಿ ಕೂತು, ನಿಮ್ಮ ಹಾಳೆ ಕೊಟ್ಟು ಬನ್ನಿ. ನಮ್ಮ ಕಡೆಯ ಒಬ್ಬರು ಜೋಯಿಸರು ಈಗ ಪರಿಹಾರ ಬರೆದು ಕೊಡುವ ಕಾಗದದ ಹಿಂದೆಯೇ 14416 ಬರೆಯುತ್ತಾರೆ. ಜನ ಅದನ್ನು ನಮ್ಮ ಕರಪತ್ರಕ್ಕಿಂತ ಜಾಗ್ರತೆಯಾಗಿ ಇಟ್ಟುಕೊಳ್ಳುತ್ತಾರೆ!

ರಾಜಿ ಇಲ್ಲದ ವಿಷಯ ಒಂದಿದೆ: ಸರಪಳಿ, ಹೊಡೆತ, ಕೋಣೆಯಲ್ಲಿ ಕೂಡಿ ಹಾಕುವುದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಮಾನಸಿಕ ಕಾಯಿಲೆಯವರನ್ನು ಇಟ್ಟಿದ್ದ ಆಶ್ರಮಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಜನ ಓಡಲಾಗದೆ ಸತ್ತರು. 2017ರ ಕಾಯಿದೆ ಯಾವ ರೂಪದಲ್ಲೂ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಆದರೆ ಕಟ್ಟಿಹಾಕಿದ ಮನೆಯವರು ರಾಕ್ಷಸರಲ್ಲ, ಹೆಚ್ಚಿನವರು ನಿದ್ದೆಗೆಟ್ಟು ಸೋತವರು. ಬೈಯುವ ಮೊದಲು ಒಂದು ರಾತ್ರಿ ಅವರ ಬದಲಿಗೆ ಎದ್ದು ಕೂರಲು ಯಾರಾದರೂ ಸಿಗುತ್ತಾರಾ ನೋಡಿ.

9. ಕಾಯಿದೆಯಲ್ಲಿ ಕೈಗೆ ಬರುವಷ್ಟು

ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಜಾರಿಗೆ ಬಂದದ್ದು 2018ರಲ್ಲಿ. ಜನರಿಗೆ ನಿಜವಾಗಿ ಉಪಯೋಗವಾಗುವುದು ಇಷ್ಟು. ದೈಹಿಕ ಕಾಯಿಲೆಗೆ ವಿಮೆ ಕೊಡುವ ಹಾಗೆಯೇ ಮಾನಸಿಕ ಕಾಯಿಲೆಗೂ ಕೊಡಬೇಕು (ಸೆಕ್ಷನ್ 21). ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು (ಸೆಕ್ಷನ್ 23). ಪ್ರಾಣ ಕಳೆದುಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷೆ ಕೊಡುವ ಹಾಗಿಲ್ಲ (ಸೆಕ್ಷನ್ 115). ಈ ಕೊನೆಯದನ್ನು ಒತ್ತಿ ಹೇಳಿ. ‘ಪೊಲೀಸ್ ಕೇಸ್ ಆಗ್ತದೆ’ ಎಂದು ಹೆದರಿ ಆಸ್ಪತ್ರೆಗೆ ತಡವಾಗಿ ತಂದವರನ್ನು ನಾನು ಕಂಡಿದ್ದೇನೆ.

10. ‘ಇನ್ನು ಸಾಕು’ ಎಂದು ಯಾರಾದರೂ ಹೇಳಿದರೆ

ಇಂಥ ಮಾತು ಶುರು ಮಾಡಿದ ಮೇಲೆ ಒಂದಲ್ಲ ಒಂದು ದಿನ ಯಾರಾದರೂ ನಿಮ್ಮ ಹತ್ತಿರ ಬಂದು ಹಾಗೆ ಹೇಳುತ್ತಾರೆ. ಅದಕ್ಕೆ ತಯಾರಾಗಿರಿ. “ಹಾಗೆಲ್ಲ ಹೇಳಬಾರದು ಮಾರಾಯ” ಎಂದು ಮಾತು ಮುಗಿಸಬೇಡಿ. ನೇರವಾಗಿ ಕೇಳಿ: “ಸಾಯಬೇಕು ಅಂತ ಯೋಚನೆ ಬರ್ತಾ ಇದೆಯಾ?” ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳಿದರೆ ಎಷ್ಟೋ ಸಲ ಎದೆಯ ಭಾರ ಇಳಿಯುತ್ತದೆ. ಹೌದು ಎಂದರೆ ಅವರನ್ನು ಒಬ್ಬರೇ ಬಿಡಬೇಡಿ. ಅಪಾಯ ಆಗುವಂಥ ವಸ್ತು ಹತ್ತಿರ ಇಲ್ಲದ ಹಾಗೆ ಮನೆಯವರು ನೋಡಿಕೊಳ್ಳಲಿ. ಅವರ ಎದುರಿಗೇ 14416ಕ್ಕೆ ಫೋನ್ ಮಾಡಿ, ಅಥವಾ ಜೊತೆಯಲ್ಲೇ ಆಸ್ಪತ್ರೆಗೆ ಹೋಗಿ. ತುರ್ತು ಎಂದಾದರೆ 112. ‘ಯಾರಿಗೂ ಹೇಳುವುದಿಲ್ಲ’ ಎಂಬ ಮಾತು ಮಾತ್ರ ಕೊಡಬೇಡಿ.

ರಿಸಲ್ಟಿನ ದಿನಗಳಲ್ಲಿ ಕಿವಿ ಹೆಚ್ಚು ತೆರೆದಿಡಿ. ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಮೊದಲೋ ದಕ್ಷಿಣ ಕನ್ನಡ ಮೊದಲೋ ಎಂದು ನಾವು ಗಮ್ಮತ್ತಿನಲ್ಲಿ ಇರುವಾಗ, ಕಡಿಮೆ ಅಂಕಕ್ಕೆ ನಿಂತ ಮಗು ಅಡುಗೆ ಕೋಣೆಯ ಮೂಲೆಯಲ್ಲಿ ಇರುತ್ತದೆ. ಈಗ ಅದೇ ವರ್ಷ ಪುನಃ ಪರೀಕ್ಷೆ ಬರೆಯುವ ಅವಕಾಶ ಇದೆ. ಇದನ್ನು ಫಲಿತಾಂಶ ಬರುವ ಮೊದಲೇ ಹೇಳಿರಬೇಕು.

ಊರಿನಲ್ಲಿ ಅಂಥದ್ದೊಂದು ಸಾವು ಆಗಿಯೇ ಹೋದರೆ, ಹೇಗೆ, ಎಲ್ಲಿ ಎಂಬ ವಿವರ, ಫೋಟೋ, ಚೀಟಿ ಯಾವುದನ್ನೂ ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ. ಹಾಕಿದವರಿಗೆ ಅಡ್ಮಿನ್ ಫೋನ್ ಮಾಡಿ ತೆಗೆಸಲಿ.

11. ಆಸ್ಪತ್ರೆಯಿಂದ ಬಂದ ಮೇಲೆ

ಸಭೆ ಮಾಡಿದ್ದು ಎಷ್ಟು ಎಂದು ಲೆಕ್ಕ ಇಡುವುದು ಸುಲಭ. ನಾವು ಬೇರೆ ಲೆಕ್ಕ ಇಡುತ್ತೇವೆ: ಎಷ್ಟು ಜನ ಆ ಹಾಳೆ ಕೇಳಿ ಪಡೆದರು, ಎಷ್ಟು ಜನರ ಜೊತೆ ಬಸ್ಸು ಹತ್ತಿದೆವು. ಹೌದು, ಜೊತೆಗೆ ಹೋಗುವುದೂ ನಮ್ಮ ಕೆಲಸವೇ. ಮೊದಲ ಸಲ ಒಪಿಡಿಯಲ್ಲಿ ಚೀಟಿ ಮಾಡಿಸಿ ಕಾಯುವ ಆ ಎರಡು ಗಂಟೆ, ಜೊತೆಗೆ ಯಾರಾದರೂ ಇದ್ದರೆ ಜನ ಎದ್ದು ಬರುವುದಿಲ್ಲ.

ಗುಣವಾಗಿ ಬಂದವರಿಗೆ ಊರು ಏನು ಕೊಡುತ್ತದೆ? ಹೆಚ್ಚಾಗಿ ಅನುಕಂಪ, ಇಲ್ಲದಿದ್ದರೆ ದೂರ. ಅವರಿಗೆ ಬೇಕಾದದ್ದು ಕೆಲಸ. ನಮ್ಮ ಗಣೇಶೋತ್ಸವದಲ್ಲಿ ಒಬ್ಬ ಹುಡುಗನಿಗೆ ಮೊದಲ ವರ್ಷ ಚಪ್ಪಲಿ ಸ್ಟ್ಯಾಂಡ್ ಕೊಟ್ಟರು. ಅವನಿಗೆ ಬೇಜಾರಾಯಿತು, ಹೇಳಲಿಲ್ಲ. ಎರಡನೇ ವರ್ಷ ನಾನು ಕಮಿಟಿಯಲ್ಲಿ ಜಗಳ ಮಾಡಿ ರಶೀದಿ ಪುಸ್ತಕ ಕೊಡಿಸಿದೆ. “ಹಣದ ವಿಷಯ, ಏನಾದ್ರೂ ಹೆಚ್ಚುಕಡಿಮೆ ಆದ್ರೆ?” ಎಂದರು ಹಿರಿಯರೊಬ್ಬರು. ಹೆಚ್ಚುಕಡಿಮೆ ಆಯಿತು. ಹಿಂದಿನ ವರ್ಷದ ಪುಸ್ತಕದಲ್ಲಿ ಕೂಡಿಸುವಾಗ ತಪ್ಪಿದ್ದ ಮುನ್ನೂರ ಐವತ್ತು ರೂಪಾಯಿಯನ್ನು ಅವನೇ ಕಂಡುಹಿಡಿದ. ಆ ಪುಸ್ತಕ ಬರೆದವರು ಅದೇ ಹಿರಿಯರು.

ಈ ಸಲ ಅವನಿಗೆ ಊಟದ ವಿಭಾಗ. ನಳ್ಳಿಗಳು ಇರುವುದೂ ಅಲ್ಲೇ. ಯಾರಾದರೂ ನೀರು ಜೋರಾಗಿ ಬಿಟ್ಟು ಪಕ್ಕಕ್ಕೆ ಬಂದರೆ ಇರಲಿ ಎಂದು ನಾಲ್ಕು ಹಾಳೆ ಅವನ ಅಂಗಿಯ ಜೇಬಿನಲ್ಲಿ ಮಡಚಿ ಇಟ್ಟಿದ್ದಾನೆ.